ಪಿ-51 ಮಸ್ಟಾಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ವಿಮಾನಗಳ ಮಾತು ಬಂದಾಗ ಮಸ್ಟಾಂಗ್ ಎಂಬ ಫೈಟರ್, ಅಂದರೆ ಶತ್ರು ವಿಮಾನಗಳೊಡನೆ ಕಾದಾಡುವ ವಿಮಾನದ ಹೆಸರು ಬಾರದೆ ಇರುವುದಿಲ್ಲ. ಅದರ ವೇಗದ ಬಗ್ಗೆ, ಎಂಜಿನ್ನಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಇಲ್ಲಿನ ಉತ್ತರಗಳಲ್ಲಿ ಪೆಟ್ರೋಲಿನ ಮಾತೇ ಹೆಚ್ಚಾಗಿ ಬರುತ್ತದೆ. ಪೆಟ್ರೋಲನ್ನು ವಿಮಾನದಲ್ಲಿ ಎಲ್ಲೆಲ್ಲಿ ತುಂಬಿದ್ದರು, ಯಾವ ಕ್ರಮದಲ್ಲಿ ಖರ್ಚು ಮಾಡುತ್ತಿದ್ದರು ಎಂಬುದು ತಿಳಿಯದೆ ಈ ವಿಮಾನದ ಚರಿತ್ರೆ ಅರ್ಥವಾಗುವುದಿಲ್ಲ.

ಮಸ್ಟಾಂಗ್ ಅಮೆರಿಕದ ವಿಮಾನವೋ, ಬ್ರಿಟಿಷರದ್ದೋ?

ಕಟ್ಟಿದ್ದು ಅಮೆರಿಕದ ಕಂಪನಿ, ಕಟ್ಟಿಸಿದ್ದು ಬ್ರಿಟನ್. 1940ರ ಆರಂಭದಲ್ಲಿ ಬ್ರಿಟನ್ನಿನ ಖರೀದಿ ಆಯೋಗವು ನಾರ್ತ್ ಅಮೆರಿಕನ್ ಏವಿಯೇಷನ್ ಕಂಪನಿಯನ್ನು ಕೇಳಿದ್ದು ಬೇರೆಯದೇ ಕೆಲಸ: ಕರ್ಟಿಸ್ ಕಂಪನಿಯ ಪಿ-40 ಫೈಟರ್‌ಗಳನ್ನು ನಿಮ್ಮ ಕಾರ್ಖಾನೆಯಲ್ಲೂ ತಯಾರಿಸಿ ಕೊಡುತ್ತೀರಾ ಎಂದು. ಕಂಪನಿಯ ಅಧ್ಯಕ್ಷ ಡಚ್ ಕಿಂಡೆಲ್‌ಬರ್ಗರ್, ಅದೇ ಎಂಜಿನ್ ಇಟ್ಟುಕೊಂಡು ಅದಕ್ಕಿಂತ ಒಳ್ಳೆಯ ಹೊಸ ವಿಮಾನವನ್ನೇ ಮಾಡಿಕೊಡುತ್ತೇವೆ ಎಂದರು. ವಿನ್ಯಾಸದ ಮುಖ್ಯಸ್ಥರಾಗಿದ್ದವರು ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದಿದ್ದ ಎಡ್ಗರ್ ಶ್ಮೂಡ್. ಮಸ್ಟಾಂಗ್ ಎಂಬ ಹೆಸರನ್ನು ಇಟ್ಟದ್ದು ಕೂಡ ಬ್ರಿಟಿಷರೇ. ಅಮೆರಿಕದ ಸೇನೆ ಈ ವಿಮಾನವನ್ನು ಗಂಭೀರವಾಗಿ ತೆಗೆದುಕೊಂಡದ್ದು ಆಮೇಲೆ.

ಕೇವಲ 102 ದಿನಗಳಲ್ಲಿ ತಯಾರಾಯಿತು ಎನ್ನುತ್ತಾರೆ, ನಿಜವೇ?

ಅರ್ಧ ನಿಜ. 102 ದಿನಗಳಲ್ಲಿ ಹೊರಬಂದದ್ದು ಎಂಜಿನ್ ಇಲ್ಲದ ಒಡಲು. ಎನ್‌ಎ-73ಎಕ್ಸ್ ಎಂಬ ಆ ಮೊದಲ ವಿಮಾನ 1940ರ ಸೆಪ್ಟೆಂಬರ್‌ನಲ್ಲಿ ಕಾರ್ಖಾನೆಯ ಬಾಗಿಲು ದಾಟಿತು. ಆಲಿಸನ್ ಎಂಜಿನ್ ಬರುವುದು ತಡವಾಗಿ, ಅದು ಮೊದಲು ಹಾರಿದ್ದು ಅಕ್ಟೋಬರ್ 26ರಂದು, ಪೈಲಟ್ ವ್ಯಾನ್ಸ್ ಬ್ರೀಸ್ ಕೈಯಲ್ಲಿ. ಹಾಗಿದ್ದರೂ ಆ ಕಾಲಕ್ಕೆ ಇದು ಬೆರಗಿನ ವೇಗವೇ.

ನವೆಂಬರ್ 20ರಂದು ಇನ್ನೊಬ್ಬ ಪರೀಕ್ಷಾ ಪೈಲಟ್ ಪಾಲ್ ಬಾಲ್ಫರ್ ಹಾರಿಸುತ್ತಿದ್ದಾಗ ಎಂಜಿನ್ನಿಗೆ ಪೆಟ್ರೋಲು ಹೋಗುವುದು ನಿಂತು, ವಿಮಾನ ಹೊಲಕ್ಕಿಳಿದು ಮಗುಚಿ ಬಿತ್ತು. ಪೈಲಟ್ ಬದುಕಿದರು. ಟ್ಯಾಂಕ್ ಬದಲಿಸುವುದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮಸ್ಟಾಂಗ್ ಹುಟ್ಟಿದ ಒಂದು ತಿಂಗಳೊಳಗೇ ತೋರಿಸಿಬಿಟ್ಟಿತ್ತು.

ಮೊದಲ ಮಸ್ಟಾಂಗ್‌ಗಳಲ್ಲಿ ಕೊರತೆ ಏನಿತ್ತು?

ಎತ್ತರ. ಆಲಿಸನ್ ವಿ-1710 ಎಂಜಿನ್ನಿನಲ್ಲಿ ಇದ್ದದ್ದು ಒಂದೇ ಹಂತದ ಸೂಪರ್‌ಚಾರ್ಜರ್. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಆ ತೆಳು ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಪಂಪೇ ಸೂಪರ್‌ಚಾರ್ಜರ್. ಒಂದೇ ಹಂತದ ಒತ್ತಡ ಸುಮಾರು 15,000 ಅಡಿ ದಾಟಿದ ಮೇಲೆ ಸಾಲದೆ ಬರುತ್ತಿತ್ತು. ಕೆಳಗೆ ಮಾತ್ರ ಈ ವಿಮಾನ ಬ್ರಿಟಿಷರ ಅಂದಿನ ಸ್ಪಿಟ್‌ಫೈರ್ ಫೈಟರನ್ನೂ ಹಿಂದಿಕ್ಕುತ್ತಿತ್ತು. ಹಾಗಾಗಿ ಬ್ರಿಟಿಷ್ ವಾಯುಪಡೆ ಇದನ್ನು 1942ರಿಂದ ನೆಲದ ಹತ್ತಿರದ ಕೆಲಸಕ್ಕೆ ಹಚ್ಚಿತು: ಫೋಟೊ ತೆಗೆಯುವುದು, ರೈಲು ಎಂಜಿನ್ನುಗಳಿಗೆ ಗುಂಡು ಹೊಡೆಯುವುದು ಇತ್ಯಾದಿ.

ಮರ್ಲಿನ್ ಎಂಜಿನ್ ಹಾಕುವ ಯೋಚನೆ ಯಾರದ್ದು?

1942ರ ಏಪ್ರಿಲ್ 30ರಂದು ರೋಲ್ಸ್-ರಾಯ್ಸ್ ಕಂಪನಿಯ ಪರೀಕ್ಷಾ ಪೈಲಟ್ ರೊನಾಲ್ಡ್ ಹಾರ್ಕರ್ ಡಕ್ಸ್‌ಫರ್ಡ್‌ನಲ್ಲಿ ಮಸ್ಟಾಂಗನ್ನು ಹಾರಿಸಿ ನೋಡಿದರು. ಇಳಿದು ಬಂದು, ಇಷ್ಟು ನಯವಾದ ಒಡಲಿಗೆ ಎರಡು ಹಂತದ ಸೂಪರ್‌ಚಾರ್ಜರ್ ಇರುವ ಮರ್ಲಿನ್ 61 ಕೂರಿಸಬೇಕು ಎಂದು ವರದಿ ಕೊಟ್ಟರು. ಹಾಗೆ ಬದಲಿಸಿದ ವಿಮಾನ ಅಕ್ಟೋಬರ್ 13ರಂದು ಬ್ರಿಟನ್ನಿನಲ್ಲಿ ಹಾರಿತು. ಅಮೆರಿಕದಲ್ಲೂ ಅದೇ ಕೆಲಸ ನಡೆದು, ನವೆಂಬರ್ 30ರಂದು ಎಕ್ಸ್‌ಪಿ-51ಬಿ ಹಾರಿತು. ಅದರ ಎಂಜಿನ್, ಡೆಟ್ರಾಯಿಟ್‌ನ ಪ್ಯಾಕಾರ್ಡ್ ಕಾರ್ ಕಂಪನಿ ಪರವಾನಗಿ ಪಡೆದು ತಯಾರಿಸಿದ ಮರ್ಲಿನ್: 12 ಸಿಲಿಂಡರು, 27 ಲೀಟರ್, ಎರಡು ಹಂತ, ಎರಡು ವೇಗದ ಸೂಪರ್‌ಚಾರ್ಜರ್. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ತಣಿಸಿ ಸಿಲಿಂಡರಿಗೆ ಬಿಡುವ ಕೂಲರ್ ಕೂಡ ಜೊತೆಗಿತ್ತು.

ಫಲವಾಗಿ 25,000-30,000 ಅಡಿಯಲ್ಲಿ, ಅಂದರೆ ಫೈಟರ್‌ಗಳು ಕಾವಲು ಕಾಯಬೇಕಾದ ಬಾಂಬರ್‌ಗಳು ಹಾರುವ ಎತ್ತರದಲ್ಲೇ, ಗಂಟೆಗೆ ಸುಮಾರು 700 ಕಿ.ಮೀ. ವೇಗ ಸಿಕ್ಕಿತು.

ಎಂಜಿನ್ ಬದಲಾದದ್ದರಿಂದಲೇ ಇಷ್ಟು ದೂರ ಹಾರಲು ಸಾಧ್ಯವಾಯಿತೇ?

ಇಲ್ಲ. ಇದು ತುಂಬ ಹರಡಿರುವ ತಪ್ಪು ತಿಳಿವಳಿಕೆ. ಮರ್ಲಿನ್ ಎತ್ತರ ಕೊಟ್ಟಿತು, ದೂರ ಕೊಡಲಿಲ್ಲ. ಅದೇ ಜಾತಿಯ ಎಂಜಿನ್ ಇದ್ದ ಸ್ಪಿಟ್‌ಫೈರ್ 9 ತನ್ನೊಳಗೆ ಒಯ್ಯುತ್ತಿದ್ದದ್ದು 386 ಲೀಟರ್ ಪೆಟ್ರೋಲು. ಮಸ್ಟಾಂಗ್ ಒಯ್ಯುತ್ತಿದ್ದದ್ದು 1,018 ಲೀಟರ್. ದೂರ ಬಂದದ್ದು ಈ ವ್ಯತ್ಯಾಸದಿಂದ ಮತ್ತು ಗಾಳಿಯನ್ನು ಸಲೀಸಾಗಿ ಸೀಳುವ ಒಡಲಿನಿಂದ.

ಲೆಕ್ಕ ಹೀಗಿದೆ. ಎರಡೂ ರೆಕ್ಕೆಗಳಲ್ಲಿ ತಲಾ 92 ಅಮೆರಿಕನ್ ಗ್ಯಾಲನ್, ಅಂದರೆ 348 ಲೀಟರ್. 1943ರ ಕೊನೆಗೆ ಪೈಲಟ್ ಆಸನದ ಹಿಂದೆ ಸೇರಿಸಿದ ಟ್ಯಾಂಕಿನಲ್ಲಿ 85 ಗ್ಯಾಲನ್, 322 ಲೀಟರ್. ರೆಕ್ಕೆಯ ಕೆಳಗೆ ತೂಗುಹಾಕಿ, ಬೇಡವಾದಾಗ ಬೀಳಿಸಬಹುದಾದ ಎರಡು ಟ್ಯಾಂಕು: ತಲಾ 75 ಗ್ಯಾಲನ್ನಿನವು, ಇಲ್ಲವೆ 108 ಗ್ಯಾಲನ್ನಿನವು. ದೊಡ್ಡವನ್ನು ಕಟ್ಟಿದರೆ ಒಟ್ಟು 485 ಗ್ಯಾಲನ್, 1,836 ಲೀಟರ್.

ತೂಗು ಟ್ಯಾಂಕು ಇಲ್ಲದೆ ಬಾಂಬರ್‌ಗಳ ಜೊತೆ ಹೋಗಿ ಮರಳಬಹುದಾದ ದೂರ, ಒಂದು ಕಡೆಯ ಲೆಕ್ಕದಲ್ಲಿ, ಸುಮಾರು 475 ಮೈಲಿ, 760 ಕಿ.ಮೀ. 75 ಗ್ಯಾಲನ್ನಿನ ಜೋಡಿ ಕಟ್ಟಿದರೆ 650 ಮೈಲಿ, 108ರ ಜೋಡಿ ಕಟ್ಟಿದರೆ 850 ಮೈಲಿ, ಸುಮಾರು 1,370 ಕಿ.ಮೀ. ಇಂಗ್ಲೆಂಡಿನ ಪೂರ್ವದಿಂದ ಬರ್ಲಿನ್ ಇದರೊಳಗೆ ಆರಾಮವಾಗಿ ಬರುತ್ತಿತ್ತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ತೂಗು ಟ್ಯಾಂಕು ಹೋಗಲು ಮಾತ್ರ. ಶತ್ರು ಕಂಡ ಕೂಡಲೇ ಅವನ್ನು ಬೀಳಿಸಿ ಹಗುರಾಗಬೇಕು, ಕಾದಾಡಬೇಕು, ಆಮೇಲೆ ಮನೆಗೆ ಮರಳುವುದು ಒಳಗಿನ ಪೆಟ್ರೋಲಿನಲ್ಲೇ. ನೆಮ್ಮದಿಯ ಹಾರಾಟದಲ್ಲಿ ಗಂಟೆಗೆ 230-260 ಲೀಟರ್ ಕುಡಿಯುವ ಎಂಜಿನ್, ತುರ್ತು ಶಕ್ತಿಗೆ ಹೋದಾಗ ಅದರ ಎರಡೂವರೆ ಪಟ್ಟಿಗೂ ಮೀರಿ ಕುಡಿಯುತ್ತಿತ್ತು. ಆದ್ದರಿಂದ ಹೊರಗೆ ಎಷ್ಟೇ ದೊಡ್ಡ ಟ್ಯಾಂಕು ಕಟ್ಟಿದರೂ ಒಳಗೆ ಜಾಗವಿಲ್ಲದ ವಿಮಾನ ದೂರ ಹೋಗಲಾರದು. ಹೋದರೂ ಮರಳಲಾರದು.

ಟ್ಯಾಂಕುಗಳನ್ನು ಯಾವ ಕ್ರಮದಲ್ಲಿ ಬಳಸುತ್ತಿದ್ದರು? ಆ ಕ್ರಮ ಏಕೆ?

ಮೊದಲು ಎಡರೆಕ್ಕೆಯ ಟ್ಯಾಂಕು. ಎಂಜಿನ್ ಚಾಲೂ ಮಾಡುವುದು, ಟೇಕಾಫ್, ಮೊದಲ ಏರಿಕೆ ಎಲ್ಲ ಇದರಲ್ಲೇ. ಕಾರ್ಬುರೇಟರಿನಲ್ಲಿ ಆವಿಯ ಜೊತೆ ಮಿಗುವ ಪೆಟ್ರೋಲು ಒಂದು ಕೊಳವೆಯ ಮೂಲಕ ಎಡರೆಕ್ಕೆಯ ಟ್ಯಾಂಕಿಗೇ ಮರಳುತ್ತಿತ್ತು. ಅದು ತುಂಬಿಯೇ ಇದ್ದರೆ ಮರಳಿದ್ದು ಹೊರಗೆ ಚೆಲ್ಲಿ ದಂಡವಾಗುತ್ತಿತ್ತು. ಮೊದಲೇ ಸ್ವಲ್ಪ ಖಾಲಿ ಮಾಡಿಕೊಂಡರೆ ಮರಳುವುದಕ್ಕೆ ಜಾಗ.

ಆಮೇಲೆ ಬೆನ್ನ ಹಿಂದಿನ ಟ್ಯಾಂಕು. ತೂಗು ಟ್ಯಾಂಕು ತುಂಬಿರುವಾಗ ಇದನ್ನೇಕೆ ಮೊದಲು ಬಳಸಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಕಾರಣ ತೂಕ. 322 ಲೀಟರ್ ಪೆಟ್ರೋಲು ಅಂದರೆ 230 ಕಿಲೋ ಹತ್ತಿರ. ಅಷ್ಟು ಭಾರ ಆಸನದ ಹಿಂದೆ ಕೂತರೆ ವಿಮಾನದ ತೂಕದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಆಗ ಬಿಗಿಯಾಗಿ ತಿರುಗಿಸಲು ಸ್ಟಿಕ್ಕನ್ನು (ವಿಮಾನ ನಡೆಸುವ ಕೋಲನ್ನು) ಎಳೆದರೆ, ಕೈಗೆ ಎದುರು ಒತ್ತಬೇಕಾದ ಸ್ಟಿಕ್ಕು ತಾನಾಗಿಯೇ ಹೊಟ್ಟೆಯ ಕಡೆಗೆ ಬರತೊಡಗುತ್ತದೆ. ಪೈಲಟ್ ಅದನ್ನು ಮುಂದಕ್ಕೆ ದೂಡಿ ಹಿಡಿಯದಿದ್ದರೆ ತಿರುವು ತಾನೇ ಬಿಗಿಯಾಗುತ್ತ ಹೋಗಿ ವಿಮಾನ ಗಿರ್ರನೆ ಸುತ್ತಿ ಬೀಳುತ್ತದೆ, ಇಲ್ಲವೆ ಲೋಹಕ್ಕೇ ತಡೆಯಲಾಗದ ಒತ್ತಡ ಬೀಳುತ್ತದೆ. ಈ ಟ್ಯಾಂಕಿನಲ್ಲಿ 25 ಗ್ಯಾಲನ್‌ಗಿಂತ ಹೆಚ್ಚು ಇದ್ದರೆ ಸ್ಟಿಕ್ಕಿನ ಬಗ್ಗೆ ವಿಶೇಷ ಎಚ್ಚರ ಬೇಕು ಎಂದು ಪೈಲಟ್ ಕೈಪಿಡಿ ಹೇಳುತ್ತಿತ್ತು. ಶತ್ರುವಿನ ಆಕಾಶ ಮುಟ್ಟುವ ಮೊದಲೇ ಅದನ್ನು ತಗ್ಗಿಸಿಕೊಳ್ಳುವುದು ಜೀವ ಉಳಿಸಿಕೊಳ್ಳುವ ಮಾತಾಗಿತ್ತು.

ಮೂರನೆಯದು ತೂಗು ಟ್ಯಾಂಕುಗಳು, ಎಡ ಬಲ ಬದಲಿಸುತ್ತ. ಒಂದನ್ನೇ ಪೂರ್ತಿ ಹೀರಿದರೆ ವಿಮಾನ ಒಂದು ಪಕ್ಕಕ್ಕೆ ವಾಲುತ್ತದೆ. ಕೊನೆಗೆ ರೆಕ್ಕೆಯ ಟ್ಯಾಂಕುಗಳು.

ಹೇಳಿದಷ್ಟು ಸುಲಭವಲ್ಲ. ಟ್ಯಾಂಕು ಬದಲಿಸುವ ಹಿಡಿ ಪೈಲಟ್ ಕಾಲುಗಳ ನಡುವೆ, ಸ್ಟಿಕ್ಕಿನ ಮುಂದೆ ಕೆಳಗಿತ್ತು. ರೆಕ್ಕೆಯ ಟ್ಯಾಂಕುಗಳ ಮಾಪಕಗಳು ಆಸನದ ಆಚೀಚೆ ನೆಲದಲ್ಲಿದ್ದವು. ಹಿಂದಿನ ಟ್ಯಾಂಕಿನದನ್ನು ನೋಡಬೇಕಾದರೆ ಎಡಹೆಗಲ ಮೇಲಿಂದ ಹಿಂದಕ್ಕೆ ಕತ್ತು ತಿರುಗಿಸಬೇಕು. ತೂಗು ಟ್ಯಾಂಕಿಗಂತೂ ಮಾಪಕವೇ ಇಲ್ಲ; ಗಡಿಯಾರ ನೋಡಿ ಅಂದಾಜು ಮಾಡಬೇಕು, ಇಲ್ಲವೆ ಇಂಧನದ ಒತ್ತಡ ಕುಸಿದಾಗ ತಿಳಿಯಬೇಕು. ಹೊಸಬರು ಮಾಡುತ್ತಿದ್ದ ತಪ್ಪು ಒಂದೇ ಬಗೆಯದು: ಶತ್ರು ಕಂಡ ಗಡಿಬಿಡಿಯಲ್ಲಿ ಹಿಡಿಯನ್ನು ಒಳಗಿನ ಟ್ಯಾಂಕಿಗೆ ತಿರುಗಿಸದೆಯೇ ತೂಗು ಟ್ಯಾಂಕು ಬೀಳಿಸುವುದು. ಎಂಜಿನ್ ಕೆಮ್ಮಿ ನಿಲ್ಲುತ್ತಿತ್ತು, ಅದೂ ಕಾದಾಟದ ನಟ್ಟನಡುವೆ. ಮೊದಲು ಹಿಡಿ ತಿರುಗಿಸು, ಆಮೇಲೆ ಬೀಳಿಸು. ತರಬೇತಿಯಲ್ಲಿ ಇದನ್ನು ಕೈಗೆ ರೂಢಿಯಾಗುವವರೆಗೆ ಕಲಿಸಬೇಕಾಗಿತ್ತು.

ಕಾಗದದ ಟ್ಯಾಂಕು ಎಂದರೆ ನಿಜವಾಗಿಯೂ ಕಾಗದವೇ?

ಹೌದು. 108 ಗ್ಯಾಲನ್ನಿನ ಟ್ಯಾಂಕನ್ನು ಬ್ರಿಟನ್ನಿನಲ್ಲಿ ದಪ್ಪ ಕ್ರಾಫ್ಟ್ ಕಾಗದವನ್ನು ಪದರ ಪದರವಾಗಿ ಅಂಟಿನಲ್ಲಿ ನೆನೆಸಿ ಅಚ್ಚಿನ ಮೇಲೆ ಸುತ್ತಿ ತಯಾರಿಸುತ್ತಿದ್ದರು. ಮೂತಿ, ಬಾಲದ ತುಂಡುಗಳನ್ನು ಬೇರೆಯಾಗಿ ಮಾಡಿ ಅಂಟಿಸಿ, ಒಳಗೆ ಪೆಟ್ರೋಲು ಇಳಿಯದಂತೆ ಲೇಪ ಕೊಡುತ್ತಿದ್ದರು. ಆದರೂ ಪೆಟ್ರೋಲು ಕೆಲವು ಗಂಟೆಗಳಾದ ಮೇಲೆ ಅಂಟನ್ನು ಮೆತ್ತಗೆ ಮಾಡುತ್ತಿತ್ತು. ಅದಕ್ಕಾಗಿ ಹಿಂದಿನ ರಾತ್ರಿ ತುಂಬಿಡುವಂತಿರಲಿಲ್ಲ. ಹೊರಡುವ ಸ್ವಲ್ಪ ಮೊದಲು ತುಂಬಬೇಕು. ಹಾರಾಟ ರದ್ದಾದರೆ ಖಾಲಿ ಮಾಡಿ ಪಕ್ಕಕ್ಕಿಡಬೇಕು.

ಒಂದೇ ಸಲ ಬಳಸಿ ಬಿಸಾಡುವ ವಸ್ತುವಿಗೆ ಅಲ್ಯೂಮಿನಿಯಂ ಸುರಿಯುವ ಅಗತ್ಯವಿರಲಿಲ್ಲ. ಬಿದ್ದ ಟ್ಯಾಂಕಿನಿಂದ ಜರ್ಮನ್ನರಿಗೆ ಲೋಹವೂ ಸಿಗುತ್ತಿರಲಿಲ್ಲ. ಟ್ಯಾಂಕಿಗೂ ರೆಕ್ಕೆಗೂ ನಡುವಿನ ಕೊಳವೆಯಲ್ಲಿ ಗಾಜಿನ ಮೊಣಕೈ ಇಟ್ಟಿದ್ದರು. ಟ್ಯಾಂಕು ಕಳಚಿದಾಗ ಅದು ಪಟಕ್ಕನೆ ಮುರಿದು ಬಿಡಿಸಿಕೊಳ್ಳುತ್ತಿತ್ತು. ಎತ್ತರದ ತೆಳು ಗಾಳಿಯಲ್ಲಿ ಪೆಟ್ರೋಲು ತಾನಾಗಿ ಮೇಲೇರುವುದಿಲ್ಲವಾದ್ದರಿಂದ, ಉಪಕರಣಗಳ ವ್ಯಾಕ್ಯೂಮ್ ಪಂಪು ಹೊರಬಿಡುವ ಗಾಳಿಯನ್ನೇ ಟ್ಯಾಂಕಿಗೆ ತಿರುಗಿಸಿ ಒತ್ತಡ ಕೊಟ್ಟರು. ಎಷ್ಟು ಚಿಕ್ಕ ಚಿಕ್ಕ ಬುದ್ಧಿಗಳ ಮೇಲೆ ಆ ದೂರದ ಹಾರಾಟ ನಿಂತಿತ್ತು ಎಂಬುದಕ್ಕೆ ಈ ಟ್ಯಾಂಕು ಒಳ್ಳೆಯ ಸಾಕ್ಷಿ.

ರೆಕ್ಕೆಯ ವಿಶೇಷ ಏನು?

ಸಾಮಾನ್ಯ ರೆಕ್ಕೆಯ ಅತಿ ದಪ್ಪದ ಭಾಗ ಮುಂಚೂಣಿಗೆ ಹತ್ತಿರವಿರುತ್ತದೆ. ಮಸ್ಟಾಂಗ್‌ನಲ್ಲಿ ಅದನ್ನು ಹಿಂದಕ್ಕೆ, ರೆಕ್ಕೆಯ ಅಗಲದ ಹೆಚ್ಚುಕಡಿಮೆ 40 ಶೇಕಡಾ ಜಾಗಕ್ಕೆ ಸರಿಸಿದ್ದರು. ಗಾಳಿ ಕದಡದೆ ಪದರವಾಗಿ ಹರಿಯಲಿ ಎಂಬುದು ಉದ್ದೇಶ. ಧೂಳು, ಸತ್ತ ಹುಳು, ಉಗುರಿನ ಗೀರು ಕೂಡ ಈ ಹರಿವನ್ನು ಕೆಡಿಸುತ್ತವೆ. ಹಾಗಾಗಿ ಕಾರ್ಖಾನೆಯಲ್ಲೇ ರೆಕ್ಕೆಯ ಮುಂಭಾಗದ ರಿವೆಟ್ಟುಗಳ ಮೇಲೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಬಳಿಯುತ್ತಿದ್ದರು. ಒಡಲು ಬೆಳ್ಳಗೆ ಹೊಳೆಯುವ ಬರಿ ಲೋಹವಾಗಿದ್ದಾಗಲೂ ರೆಕ್ಕೆಗೆ ಬೆಳ್ಳಿ ಬಣ್ಣ ಬಳಿದಿರುತ್ತಿತ್ತು. ರಣರಂಗದ ಧೂಳಿನಲ್ಲಿ ಪೂರ್ಣ ಲಾಭ ಸಿಗಲಿಲ್ಲ, ಆದರೆ ಹೆಚ್ಚಿನ ವೇಗದಲ್ಲಿ ಈ ರೆಕ್ಕೆಯ ಎಳೆತ ಕಡಿಮೆಯೇ ಇತ್ತು.

ಹೊಟ್ಟೆಯ ಕೆಳಗಿನ ಆ ಚೀಲದಂಥ ಭಾಗ ಯಾವುದು?

ರೇಡಿಯೇಟರ್. ಮುಂದಿನ ಬಾಯಿಂದ ನುಗ್ಗಿದ ಗಾಳಿ ಒಳಗೆ ಅಗಲವಾಗುವ ಸುರಂಗದಲ್ಲಿ ನಿಧಾನವಾಗಿ, ಬಿಸಿ ಹೀರಿ ಹಿಗ್ಗಿ, ಹಿಂದಿನ ಕಿರಿದಾದ ಬಾಗಿಲಿನಿಂದ ರಭಸವಾಗಿ ಹೊರಬರುತ್ತದೆ. ಬ್ರಿಟನ್ನಿನ ವಿಜ್ಞಾನಿ ಮೆರೆಡಿತ್ 1935ರಲ್ಲಿ ವಿವರಿಸಿದ ಪರಿಣಾಮ ಇದು. ತಣಿಸುವುದಕ್ಕೆ ತೆರಬೇಕಾದ ಎಳೆತದ ಬಹುಪಾಲನ್ನು ಹೀಗೆ ಸಿಗುವ ತಳ್ಳುವ ಬಲ ತೀರಿಸುತ್ತಿತ್ತು. ಬಾಯಿಯನ್ನು ಹೊಟ್ಟೆಗೆ ಅಂಟಿಸದೆ ಬೆರಳಗಲ ಕೆಳಗಿಳಿಸಿರುವುದು ಫೋಟೊಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಡಲಿಗೆ ಉಜ್ಜಿಕೊಂಡು ಬರುವ ಮಂದ ಗಾಳಿ ಒಳಗೆ ಹೋಗದಿರಲೆಂದು ಹಾಗೆ ಮಾಡಿದ್ದು.

ಇದೇ ಅದರ ಮರ್ಮಸ್ಥಾನವೂ ಹೌದು. ರೇಡಿಯೇಟರಿಗೋ ಅದರ ಉದ್ದನೆಯ ಕೊಳವೆಗೋ ಒಂದು ಗುಂಡು ತಾಗಿದರೆ ತಣಿಸುವ ದ್ರವ ಸೋರಿ, ಕೆಲವೇ ನಿಮಿಷಗಳಲ್ಲಿ ಎಂಜಿನ್ ಬಿಗಿದುಕೊಳ್ಳುತ್ತಿತ್ತು. ನೆಲದಿಂದ ಗುಂಡು ಬರುವ ಕೆಲಸಕ್ಕೆ ಗಾಳಿಯಿಂದ ತಣಿಯುವ ಎಂಜಿನ್ನಿನ ಪಿ-47 ಥಂಡರ್‌ಬೋಲ್ಟ್ ಎಷ್ಟೋ ಸುರಕ್ಷಿತ. ಕೊರಿಯಾ ಯುದ್ಧದಲ್ಲಿ ಮಸ್ಟಾಂಗನ್ನೇ ನೆಲದ ದಾಳಿಗೆ ಕಳಿಸಿದರು, ಅದಕ್ಕೆ ಪೈಲಟ್‌ಗಳು ಜೀವ ತೆತ್ತರು.

ಬಿ ಮತ್ತು ಡಿ ಮಾದರಿಗಳನ್ನು ಗುರುತಿಸುವುದು ಹೇಗೆ?

ಬಿ ಮಾದರಿಗೆ ಚೌಕಟ್ಟಿನ ಕಾಕ್‌ಪಿಟ್ ಮುಚ್ಚಳ, ಅದರ ಹಿಂದೆ ಎತ್ತರದ ಬೆನ್ನು. ಡಿ ಮಾದರಿಗೆ ನೀರ್ಗುಳ್ಳೆಯಂಥ ಒಂದೇ ಮುಚ್ಚಳ, ಬೆನ್ನು ತಗ್ಗು. ಡಲ್ಲಾಸ್‌ನಲ್ಲಿ ತಯಾರಾದ ಬಿ ಮಾದರಿಗೇ ಸಿ ಎಂದು ಹೆಸರು. ನೋಡಿ ಬೇರೆ ಮಾಡಲಾಗದು. ಬೆನ್ನು ತಗ್ಗಿಸಿದ್ದರಿಂದ ಸುತ್ತ ನೋಟ ಸಿಕ್ಕಿತು, ಆದರೆ ಮೂತಿ ಅತ್ತಿತ್ತ ಆಡುವ ಚಾಳಿ ಶುರುವಾಯಿತು. ಅದಕ್ಕೇ ಬಾಲದ ಬುಡಕ್ಕೆ ತ್ರಿಕೋನದ ಪಟ್ಟಿ ಸೇರಿಸಿದರು. ಈ ಪಟ್ಟಿ ಇಲ್ಲದ ಡಿ ಕಂಡರೆ ಅದು ಮೊದಲ ಕಂತಿನದು.

ಬಂದೂಕು ಸಿಕ್ಕಿಕೊಳ್ಳುತ್ತಿತ್ತು ಎಂದು ಕೇಳಿದ್ದೇವೆ. ಕಾರಣ?

ಬಿ ಮಾದರಿಯ ರೆಕ್ಕೆ ತೆಳು. ನಾಲ್ಕು .50 ಇಂಚಿನ ಬ್ರೌನಿಂಗ್ ಬಂದೂಕುಗಳನ್ನು ನೆಟ್ಟಗೆ ನಿಲ್ಲಿಸಲು ಜಾಗ ಸಾಲದೆ ವಾಲಿಸಿ ಕೂರಿಸಿದ್ದರು. ಗುಂಡಿನ ಪಟ್ಟಿ ಬಂದೂಕಿನ ಬಾಯಿಗೆ ಸೊಟ್ಟಗೆ ಬಾಗಿ ಹೋಗಬೇಕಿತ್ತು. ಬಿಗಿ ತಿರುವಿನಲ್ಲಿ ಎಲ್ಲದರ ತೂಕವೂ ನಾಲ್ಕೈದು ಪಟ್ಟಾಗುತ್ತದೆ. ಆ ಭಾರದ ಪಟ್ಟಿಯನ್ನು ಎಳೆದುಕೊಳ್ಳಲು ಬಂದೂಕಿಗೆ ಶಕ್ತಿ ಸಾಲುತ್ತಿರಲಿಲ್ಲ. ನೆಲದ ಮೇಲೆ ಪರೀಕ್ಷಿಸಿದರೆ ಏನೂ ತಪ್ಪು ಕಾಣದು. ಕೊನೆಗೆ ಬಾಂಬರ್‌ಗಳ ಬಂದೂಕಿಗೆ ಬಳಸುತ್ತಿದ್ದ ವಿದ್ಯುತ್ ಮೋಟಾರುಗಳನ್ನು ತಂದು ಪಟ್ಟಿ ದೂಡಲು ಹಚ್ಚಿದರು. ಡಿ ಮಾದರಿಯಲ್ಲಿ ಆರು ಬಂದೂಕು, ಎಲ್ಲವೂ ನೆಟ್ಟಗೆ, ಒಟ್ಟು 1,880 ಗುಂಡು.

ಬಾಂಬರ್‌ಗಳ ಜೊತೆ ಹೋಗತೊಡಗಿದ್ದು ಯಾವಾಗ?

1943ರ ಅಕ್ಟೋಬರ್ 14ರಂದು ಜರ್ಮನಿಯ ಶ್ವೈನ್‌ಫರ್ಟ್ ಮೇಲೆ ಹೋದ 291 ಬಿ-17 ಬಾಂಬರ್‌ಗಳಲ್ಲಿ 60 ಮರಳಲಿಲ್ಲ. ಒಂದೊಂದರಲ್ಲಿ ಹತ್ತು ಜನ. ಜೊತೆಗಿದ್ದ ಫೈಟರ್‌ಗಳು ಪೆಟ್ರೋಲು ಸಾಲದೆ ಜರ್ಮನಿಯ ಗಡಿಯ ಹತ್ತಿರವೇ ಹಿಂದಿರುಗಿದ್ದವು. ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಬಾಕ್ಸ್‌ಟೆಡ್‌ನಿಂದ 354ನೇ ಫೈಟರ್ ಗುಂಪು ಮರ್ಲಿನ್ ಮಸ್ಟಾಂಗ್‌ಗಳಲ್ಲಿ ಕೆಲಸ ಶುರುಮಾಡಿತು. ಅದರ ಜೇಮ್ಸ್ ಹೊವರ್ಡ್ 1944ರ ಜನವರಿ 11ರಂದು ಒಬ್ಬರೇ ಒಂದು ಬಾಂಬರ್ ತಂಡವನ್ನು ಅರ್ಧ ಗಂಟೆಯ ಹತ್ತಿರ ಕಾಯ್ದು, ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಪಡೆದರು. ಮಾರ್ಚ್ ಮೊದಲ ವಾರ ಮಸ್ಟಾಂಗ್‌ಗಳು ಬರ್ಲಿನ್ ಮೇಲಿದ್ದವು.

ಹಾಗಾದರೆ ಆಕಾಶದ ಯುದ್ಧ ಗೆದ್ದದ್ದು ಮಸ್ಟಾಂಗ್ ಒಂದೇ?

ಹಾಗೆನ್ನುವುದು ಉಳಿದವರಿಗೆ ಅನ್ಯಾಯ. 1944ರ ಫೆಬ್ರುವರಿ 20ರಿಂದ 25ರವರೆಗಿನ ಭಾರಿ ದಾಳಿಗಳಲ್ಲಿ ಕಾವಲಿನ ದೊಡ್ಡ ಪಾಲು ಪಿ-47ಗಳದ್ದೇ. ಅದೇ ಜನವರಿಯಲ್ಲಿ ಇಂಗ್ಲೆಂಡಿನಲ್ಲಿದ್ದ ಅಮೆರಿಕದ 8ನೇ ವಾಯುಪಡೆಯ ಹೊಣೆ ಹೊತ್ತ ಜನರಲ್ ಡೂಲಿಟಲ್, ಬಾಂಬರ್‌ಗಳ ಪಕ್ಕದಲ್ಲೇ ಅಂಟಿಕೊಂಡಿರದೆ ಶತ್ರುವನ್ನು ಹುಡುಕಿ ಹೊಡೆಯಲು ಫೈಟರ್‌ಗಳಿಗೆ ಸ್ವಾತಂತ್ರ್ಯ ಕೊಟ್ಟರು. ಆ ನಿರ್ಧಾರವೂ ವಿಮಾನದಷ್ಟೇ ಮುಖ್ಯ. ಆದರೆ ಜರ್ಮನಿಯ ಒಳನಾಡಿನಲ್ಲಿ, ಉಳಿದವರ ಪೆಟ್ರೋಲು ಮುಗಿಯುವ ಜಾಗದಿಂದಾಚೆಗೆ, ಆ ಕೆಲಸವನ್ನು ಹೆಚ್ಚಾಗಿ ಹೊತ್ತದ್ದು ಮಸ್ಟಾಂಗ್.

ಭಾರತದಿಂದ ಮಸ್ಟಾಂಗ್ ಹಾರಿತ್ತೇ?

ಹಾರಿತ್ತು, ಅಮೆರಿಕನ್ನರ ಕೈಯಲ್ಲಿ. 1943ರಲ್ಲಿ 311ನೇ ಗುಂಪು ಅಸ್ಸಾಮಿನ ದಿಂಜಾನ್‌ನಿಂದ ಎ-36 ಎಂಬ ಡೈವ್ ಬಾಂಬರ್ ಮಾದರಿಯನ್ನೂ ಪಿ-51ಎಯನ್ನೂ ಬರ್ಮಾದ ಮೇಲೆ ಹಾರಿಸಿತು. ಆ ನವೆಂಬರ್‌ನಲ್ಲಿ ಢಾಕಾ ಹತ್ತಿರದ ಕುರ್ಮಿಟೋಲಾದಿಂದ ತೂಗು ಟ್ಯಾಂಕು ಕಟ್ಟಿಕೊಂಡು ರಂಗೂನಿನವರೆಗೆ ಬಾಂಬರ್‌ಗಳ ಕಾವಲಿಗೆ ಹೋದವು. ಯುರೋಪಿನಲ್ಲಿ ಆ ಕೆಲಸ ಶುರುವಾಗುವ ಮೊದಲೇ ಇದು ನಡೆದಿತ್ತು, ಅದೂ ಆಲಿಸನ್ ಎಂಜಿನ್ನಿನ ವಿಮಾನಗಳಲ್ಲಿ. 1944ರ ಮಾರ್ಚ್‌ನಲ್ಲಿ 1ನೇ ಏರ್ ಕಮಾಂಡೊ ಗುಂಪಿನ ಪಿ-51ಎಗಳು ಅಸ್ಸಾಮಿನ ಹೈಲಾಕಾಂಡಿಯಿಂದ ಬರ್ಮಾದಲ್ಲಿ ಜಪಾನೀಯರ ಬೆನ್ನ ಹಿಂದೆ ಕಾದಾಡುತ್ತಿದ್ದ ಚಿಂಡಿಟ್ ಪಡೆಗಳಿಗೆ ನೆರವಾದವು.

ಭಾರತೀಯ ವಾಯುಪಡೆ ಮಸ್ಟಾಂಗ್ ಇಟ್ಟುಕೊಳ್ಳಲಿಲ್ಲ. ಅದರ ಬಳಿ ಇದ್ದದ್ದು ಹರಿಕೇನ್, ವೆಂಜನ್ಸ್, ಸ್ಪಿಟ್‌ಫೈರ್, ಆಮೇಲೆ ಟೆಂಪೆಸ್ಟ್. ಇದೇ ರಣರಂಗದ ಅಮೆರಿಕನ್ ವಿಮಾನಗಳ ದೊಡ್ಡ ರಿಪೇರಿ ನಡೆಯುತ್ತಿದ್ದ ಜಾಗಗಳಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ ಒಂದು. 1943ರಲ್ಲಿ ಅದರ ಆಡಳಿತ ಅಮೆರಿಕದ ಸೇನೆಯ ಕೈಗೆ ಹೋಗಿ, ಕ್ಯಾಟಲೀನಾ, ಡಕೋಟಾ, ಮಿಚೆಲ್ ವಿಮಾನಗಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು.

ಅತಿ ಕಷ್ಟದ ಹಾರಾಟ ಯಾವುದು?

ಪೆಸಿಫಿಕ್ ಸಾಗರದ ಇವೋ ಜಿಮಾ ದ್ವೀಪದಿಂದ ಜಪಾನಿಗೆ. ಮೊದಲ ಸಲ ಹೋದದ್ದು 1945ರ ಏಪ್ರಿಲ್ 7ರಂದು. ಹೋಗಿ ಬರಲು ಸುಮಾರು 2,400 ಕಿ.ಮೀ., ಏಳೆಂಟು ಗಂಟೆ, ಕೆಳಗೆ ಬರೀ ಸಮುದ್ರ, ಒಂದೇ ಎಂಜಿನ್. ಇಷ್ಟು ಹೊತ್ತು ಕಾಲು ಚಾಚದೆ ಕೂತ ಪೈಲಟ್‌ಗಳನ್ನು ಕಾಕ್‌ಪಿಟ್ಟಿನಿಂದ ಎತ್ತಿ ಇಳಿಸಬೇಕಾಗುತ್ತಿತ್ತು. ಜೂನ್ 1ರಂದು ಎದುರಾದ ಮೋಡದ ಗೋಡೆಯೊಳಗೆ ನುಗ್ಗಿ ದಾರಿ ತಪ್ಪಿ, ಒಂದಕ್ಕೊಂದು ಡಿಕ್ಕಿ ಹೊಡೆದು 27 ಮಸ್ಟಾಂಗ್‌ಗಳು ನಾಶವಾದವು. ಶತ್ರುವಿನ ಗುಂಡಿಗಿಂತ ಹವಾಮಾನವೇ ಅಲ್ಲಿ ಹೆಚ್ಚು ಕ್ರೂರವಾಗಿತ್ತು.

ಹೊಸ ಪೈಲಟ್‌ಗಳು ಎಲ್ಲಿ ಎಡವುತ್ತಿದ್ದರು?

ಕಾದಾಟಕ್ಕಿಂತ ಮೊದಲು, ರನ್‌ವೇಯಲ್ಲೇ. ಟೇಕಾಫಿಗೆ 3,000 ಆರ್‌ಪಿಎಂ, ಎಂಜಿನ್ನಿಗೆ ನುಗ್ಗುವ ಗಾಳಿಗೆ 61 ಇಂಚು ಪಾದರಸದ ಒತ್ತಡ. ಆದರೆ ಥ್ರಾಟಲನ್ನು ಒಮ್ಮೆಲೇ ನೂಕಬಾರದು. ಪ್ರೊಪೆಲ್ಲರಿನ ತಿರುಚು ಬಲ ವಿಮಾನವನ್ನು ಎಡಕ್ಕೆ ಎಳೆಯುತ್ತದೆ, ಅದಕ್ಕಾಗಿ ರಡ್ಡರ್ (ಬಾಲದ ಚುಕ್ಕಾಣಿ) ಸರಿಹೊಂದಿಸುವ ಟ್ರಿಮ್ಮನ್ನು ಮೊದಲೇ ಬಲಕ್ಕೆ ಕೊಟ್ಟಿರಬೇಕು. ಬಾಲದ ಚಕ್ರ ಸ್ಟಿಕ್ಕು ಹಿಂದಿದ್ದಾಗ ರಡ್ಡರಿಗೆ ಹೊಂದಿ ಸ್ವಲ್ಪವೇ ತಿರುಗುತ್ತದೆ, ಮುಂದಕ್ಕೆ ತಳ್ಳಿದರೆ ಬಿಡಿಸಿಕೊಂಡು ಸುತ್ತ ತಿರುಗುತ್ತದೆ. ಹಾಗಾಗಿ ಓಟದ ಆರಂಭದಲ್ಲೇ ಬಾಲ ಎತ್ತಲು ಆತುರಪಟ್ಟವರಿಗೆ ಹಿಡಿತ ತಪ್ಪುತ್ತಿತ್ತು. ಎಲ್ಲಕ್ಕಿಂತ ಅಪಾಯ, ನಿಧಾನವಾಗಿ ಇಳಿಯುತ್ತಿರುವಾಗ ಮತ್ತೆ ಮೇಲೇರಬೇಕಾಗಿ ಬಂದು ಪೂರ್ತಿ ಶಕ್ತಿ ಕೊಡುವುದು. ಚಕ್ರ ನೆಲ ಮುಟ್ಟಿಲ್ಲ, ರೆಕ್ಕೆಗೆ ಗಾಳಿಯ ಹಿಡಿತ ಸಾಲದು. ವಿಮಾನವೇ ಎಡಕ್ಕೆ ಉರುಳಿ ಅಂಗಾತ ಬೀಳುತ್ತದೆ. ಇಂದಿಗೂ ಮಸ್ಟಾಂಗ್ ಹಾರಿಸುವವರು ಇದಕ್ಕೆ ಅಷ್ಟೇ ಹೆದರಬೇಕು.

ಇನ್ನೊಂದು, ನೆಲದ ಮೇಲೆ ಬಹಳ ಹೊತ್ತು ಕಾಯುವುದು. ಎಂಜಿನ್ ನಿಧಾನವಾಗಿ ಓಡುತ್ತಲೇ ಇದ್ದರೆ ಪೆಟ್ರೋಲಿನ ಸೀಸ ಸ್ಪಾರ್ಕ್ ಪ್ಲಗ್ಗುಗಳ ಮೇಲೆ ಕೂರುತ್ತದೆ. ದೂರದ ಹಾರಾಟದಲ್ಲೂ ಇದೇ ತೊಂದರೆ, ಆದ್ದರಿಂದ ಆಗಾಗ ಒಂದು ನಿಮಿಷ ಎಂಜಿನ್ನನ್ನು ಜೋರಾಗಿ ಓಡಿಸಿ ಪ್ಲಗ್ಗು ಸುಟ್ಟು ಶುದ್ಧ ಮಾಡಿಕೊಳ್ಳಬೇಕಿತ್ತು.

ಒಟ್ಟು ಎಷ್ಟು ತಯಾರಾದವು? ಕೊನೆಯವರೆಗೆ ಇಟ್ಟುಕೊಂಡವರು ಯಾರು?

15,000ಕ್ಕೂ ಹೆಚ್ಚು, ಅದರಲ್ಲಿ ಅರ್ಧಕ್ಕೂ ಮಿಕ್ಕಿ ಡಿ ಮಾದರಿ. 1948ರಲ್ಲಿ ಅಮೆರಿಕ ಫೈಟರ್‌ಗಳ ಅಕ್ಷರ ಬದಲಿಸಿದ್ದರಿಂದ ಪಿ-51 ಹೋಗಿ ಎಫ್-51 ಆಯಿತು. 1969ರಲ್ಲಿ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್ ನಡುವಿನ ಕಿರು ಯುದ್ಧದಲ್ಲೂ ಇವು ಕಾದಾಡಿದವು. ಡೊಮಿನಿಕನ್ ಗಣರಾಜ್ಯದ ವಾಯುಪಡೆ ತನ್ನ ಕೊನೆಯ ಮಸ್ಟಾಂಗ್‌ಗಳನ್ನು ನಿವೃತ್ತಿಗೊಳಿಸಿದ್ದು 1984ರಲ್ಲಿ.